ಅಕ್ಕೋರು ಕೇಳಿದ ನೆಟ್ಟಿ ಹಾಡು

ಸುನಾಮಿ ಬಂದ ಮರುವರ್ಷ ಕಾರವಾರದ ಹಬ್ಬುವಾಡದಲ್ಲಿ ಅಮೆರಿಕದ ಒಬ್ಬ ಹೆಂಗಸಿಗೆ ನಾಲ್ಕು ತಿಂಗಳು ಅಡುಗೆ ಮಾಡಿ ಹಾಕಿದೆ. ನನ್ನ ಊರು ಅಂಕೋಲೆಯ ಹತ್ತಿರ. ಓದಿದ್ದು ಮೂರನೇ ಇಯತ್ತೆ. ಅವರು ಕವಿತೆ ಬರೆಯುವವರು. ಅದೂ ಒಂದು ಕೆಲಸ ಎಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ತಮ್ಮ ದೇಶದಲ್ಲಿ ಕಾಲೇಜಿನಲ್ಲಿ ಕಲಿಸುತ್ತಿದ್ದರಂತೆ, ಅದಕ್ಕೆ ಅಕ್ಕೋರೇ ಎಂದು ಕರೆದೆ.

ಬೆಳಿಗ್ಗೆ ಗಂಜಿ ಉಂಡು ಕಿಟಕಿಯ ಹತ್ತಿರ ಕೂತರೆ ಮಧ್ಯಾಹ್ನದ ತನಕ ಏಳುತ್ತಿರಲಿಲ್ಲ. ಹಾಳೆ ನೋಡಿದರೆ ನಾಲ್ಕು ಸಾಲು, ಮೂರಕ್ಕೆ ಗೀಟು. ಉಳಿದದ್ದನ್ನು ಎದ್ದು ನಿಂತು ಗೋಡೆಯ ಮುಂದೆ ಗಟ್ಟಿಯಾಗಿ ಓದುವುದು. ಅವರ ಕವಿತೆಯ ಮೂರು ಪುಸ್ತಕ ಅಚ್ಚಾಗಿದ್ದವಂತೆ. ಗಂಡ ಬಿಟ್ಟುಹೋಗಿದ್ದ, ಮಕ್ಕಳಿಲ್ಲ. ಕನ್ನಡವನ್ನು ಪುಸ್ತಕದಿಂದ ಕಲಿತು ಬಂದಿದ್ದರು.

ಪಾತ್ರೆ ತಿಕ್ಕುವಾಗ ನಾನು ಗುನುಗಿದ್ದು ಅವರ ಕಿವಿಗೆ ಬಿತ್ತು.

"ತಾವು ದಯಮಾಡಿ ಈ ಹಾಡನ್ನು ಪೂರ್ಣವಾಗಿ ಹಾಡುವಿರಾ?"

"ದಯ ಗಿಯ ಬ್ಯಾಡ ಅಕ್ಕೋರೇ, ಹಾಡ್ತೆ."

ಅದು ಭತ್ತದ ಸಸಿ ನೆಡುವಾಗ ಹೇಳುವ ನೆಟ್ಟಿಯ ಹಾಡು, ಹೊಳೆ ದಾಟಿ ತವರಿಗೆ ಹೋಗುವ ಹೆಣ್ಣಿನ ಕತೆ. ನನ್ನ ಸಂಗಡ ಹಾಡುತ್ತಿದ್ದ ನೆರೆಮನೆಯವಳು ಸತ್ತ ಮೇಲೆ ಬಾಯಿ ತುಂಬ ಹಾಡಿರಲಿಲ್ಲ. ಅದು ನನ್ನಲ್ಲಿ ಉಳಿದಿದೆಯೋ ಇಲ್ಲವೋ ನನಗೂ ನೋಡಬೇಕಿತ್ತು.

ಟೇಪ್ ಹಚ್ಚಿದರು. ಒಂದು ಸೊಲ್ಲು ಹೇಳಿ ನಿಲ್ಲಿಸಿದೆ. ಅವರು ಕೈಕಟ್ಟಿ ಸುಮ್ಮನೆ ಕೂತಿದ್ದರು. ನಾನೂ ಸುಮ್ಮನೆ ಕೂತೆ.

"ಮರೆತುಹೋಯಿತೇ?" ಎಂದರು.

"ನೀವು ತಿರುಗಿ ಹೇಳ್ಬೇಕು. ಅದು ಬರದೆ ನಾ ಮುಂದೆ ಹ್ಯಾಂಗೆ ಹೋಗ್ಲಿ?"

ಅವರ ದೇಶದಲ್ಲಿ ಕವಿತೆಯನ್ನು ಒಬ್ಬರೇ ಓದುವುದಂತೆ. ಕೇಳುವವರು ಕೆಮ್ಮಲೂ ಹೆದರುತ್ತಾರಂತೆ. "ನಮ್ಮಲ್ಲಿ ಮೌನವೇ ಮರ್ಯಾದೆ," ಎಂದರು.

"ನಮ್ಮಲ್ಲಿ ಹೆಣದ ಮುಂದೆ ಹಾಂಗೆ ಕೂರ್ತ್ರು," ಎಂದೆ.

ಅವರು ನಕ್ಕರು. ಆಮೇಲೆ ತಿರುಗಿ ಹೇಳಲು ಹಿಡಿದರು. ಮಾತೆಲ್ಲ ಮುರಿದು ಬರುತ್ತಿತ್ತು, ಆದರೂ ಬರುತ್ತಿತ್ತು. ನಾನು ಹೇಳುತ್ತಾ ಹೋದೆ. ಹೆಣ್ಣು ಹೊಳೆಯ ದಂಡೆಗೆ ಬಂದಳು. ಅಲ್ಲಿ ನಿಂತೆ. ಅಲ್ಲಿಂದ ಮುಂದೆ ಸೊಲ್ಲು ಎತ್ತುವ ಪಾಳಿ ನೆರೆಮನೆಯವಳದು, ನಾನು ತಿರುಗಿ ಹೇಳುವವಳು. ಮೂವತ್ತು ಮಳೆಗಾಲ ತಿರುಗಿ ಹೇಳಿದ್ದೇನೆ. ಅವಳು ಎತ್ತದೆ ಒಂದೂ ನಾಲಗೆಗೆ ಬರಲಿಲ್ಲ. ಅಕ್ಕೋರು ಮುಂದಿನ ಸೊಲ್ಲಿಗೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಅವಳು ದಾಟಿದಳೇ?"

"ದಾಟ್ತದೆ. ಹ್ಯಾಂಗೆ ಅನ್ನೂದೇ ಬತ್ತಿಲ್ಲ."

"ನಾನು ಬರೆದು ಮುಗಿಸಲೇ?"

"ಬ್ಯಾಡ. ನೀವು ಬರೆದ್ರೆ ಅದು ನಿಮ್ಮ ತವರಿಗೆ ಹೋಗ್ತದೆ."

ಆ ಭಾನುವಾರ ಬಸ್ಸು ಹತ್ತಿ ಊರಿಗೆ ಹೋದೆ. ಸತ್ತವಳ ಸೊಸೆ ಅಂಗಳದಲ್ಲಿ ಸಿಗಡಿ ಒಣಗಿಸುತ್ತಿದ್ದಳು.

"ನಿನ್ನ ಅತ್ತೆ ಎತ್ತೂ ಸೊಲ್ಲು ನಿಂಗೆ ಬತ್ತದ್ಯೇನೆ?" ಎಂದು ಕೇಳಿದೆ.

"ನಂಗೆ ಹ್ಯಾಂಗೆ ಬರ್ಬೇಕು ದೊಡ್ಡಮ್ಮಾ? ನಾವು ಬಾಯಿ ತೆಗೆದ್ರೆ ನೀವಿಬ್ರೂ ಬೈತಿದ್ರಿ. ಸುಮ್ನೆ ನೆಡ್ರೇ, ಹಾಡು ಕೆಡ್ತದೆ ಅಂತಿದ್ರಿ."

ಖರೆ ಮಾತು. ಬೈಯುತ್ತಿದ್ದೆವು. ನಮ್ಮ ಎರಡು ದನಿ ಬಿಟ್ಟರೆ ಆ ಗದ್ದೆಯಲ್ಲಿ ಬೇರೆ ದನಿ ಬೇಡವಾಗಿತ್ತು ನಮಗೆ. ಅವಳು ಕೊಟ್ಟ ಚಾ ಕುಡಿದು ಕಾರವಾರಕ್ಕೆ ತಿರುಗಿ ಬಂದೆ.

ಅಕ್ಕೋರು ಬಾಗಿಲಲ್ಲೇ ಇದ್ದರು. "ಸಿಕ್ಕಿತೇ?"

"ಇಲ್ಲ. ದಂಡೆಯ ತನಕವೇ ಬರಕೊಳ್ರಿ," ಎಂದು ಹೇಳಿ ಅಕ್ಕಿ ತೊಳೆಯಲು ಒಳಗೆ ಹೋದೆ.