ರಾಣಿ ಕಾದದ್ದು ಎಷ್ಟು ವರ್ಷ

ಇಪ್ಪತ್ತೆರಡು ವರ್ಷಗಳಿಂದ ಪರದೇಶದ ಪ್ರವಾಸಿಗರನ್ನು ಗುಡ್ಡದ ಮೇಲಿನ ಅರಮನೆಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದ ರಾಣಿಯಣ್ಣ, ಒಂದು ದಿನವೂ ಅದರೊಳಗೆ ಕಾಲಿಟ್ಟವನಲ್ಲ. ಯಾಕೆಂದು ಕೇಳಿದವರಿಗೆ, ಬಡಿಸುವವನು ಮೊದಲ ಪಂಕ್ತಿಯಲ್ಲಿ ಕೂರುತ್ತಾನೆಯೇ ಎನ್ನುತ್ತಿದ್ದ. ನಿಜವೇನೆಂದರೆ, ಡ್ರೈವರುಗಳಿಗೆ ಟಿಕೆಟ್ ಕೊಡಿಸುವ ಪುಣ್ಯಾತ್ಮರು ಯಾರೂ ಇರಲಿಲ್ಲ, ಮತ್ತು ಆ ಒಂದು ಗಂಟೆಯಲ್ಲಿ ಸೀಟು ಹಿಂದಕ್ಕೆ ಒರಗಿಸಿ ಒಳ್ಳೆಯ ಕೋಳಿನಿದ್ದೆ ತೆಗೆಯಬಹುದಿತ್ತು.

ಹಾಗೆಂದು ಅರಮನೆಯ ಬಗ್ಗೆ ಅವನಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ಗೊತ್ತಿಲ್ಲದ್ದನ್ನೆಲ್ಲ ಅವನೇ ಕಟ್ಟಿಕೊಂಡಿದ್ದ. ಗುಡ್ಡ ಹತ್ತಲು ನಲವತ್ತು ನಿಮಿಷ ಬೇಕು. ಅಷ್ಟು ಹೊತ್ತು ಬಾಯಿಗೆ ಕೆಲಸವಿಲ್ಲದೆ ಕೂತ ಸಂಸಾರ ಜಗಳಕ್ಕೆ ಇಳಿಯದೆ ಇರುವುದಿಲ್ಲ. ಬಂದವರ ಭಾಷೆಯನ್ನು ರಾಣಿಯಣ್ಣ ಕಲಿತದ್ದೇ ಹಿಂದಿನ ಸೀಟಿನ ಜಗಳಗಳಿಂದ. ಹಾಗಾಗಿ ಬೈಗುಳ ಚೆನ್ನಾಗಿ ಬರುತ್ತಿತ್ತು, ವ್ಯಾಕರಣ ನಿಧಾನವಾಗಿ ಬಂತು.

ಜಗಳ ತಪ್ಪಿಸಲು ಅವನು ಹೇಳುತ್ತಿದ್ದದ್ದು ರಾಣಿಯ ಕತೆ. ರಾಜ ದಂಡಯಾತ್ರೆಗೆ ಹೋದ. ರಾಣಿ ಮೇಲಿನ ಕೋಣೆಯ ಕಿಟಕಿಯಲ್ಲಿ ದಿನಾ ಸಂಜೆ ತಲೆ ಬಾಚಿಕೊಳ್ಳುತ್ತ ದಾರಿ ಕಾದಳು. ಹನ್ನೆರಡು ವರ್ಷ. ಬಾಚಣಿಗೆಯನ್ನು ಕಿಟಕಿಯ ಕಟ್ಟೆಯ ಮೇಲೇ ಇಡುತ್ತಿದ್ದಳು. ಕೊನೆಗೊಂದು ದಿನ ರಾಜ ಬಂದ. ರಾಣಿ ಮೆಟ್ಟಿಲು ಇಳಿದು ಓಡಿ ಬಂದು ಅವನ ಎದೆಗೆ ಒರಗಿ ಅತ್ತಳು. ಇಲ್ಲಿಗೆ ಬರುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಮೂಗು ಒರೆಸುವ ಸದ್ದು ಕೇಳುತ್ತಿತ್ತು, ಕಾರು ಪಾರ್ಕಿಂಗಿಗೆ ಬಂದಿರುತ್ತಿತ್ತು. ಜೊತೆಯ ಡ್ರೈವರುಗಳು ಅವನಿಗೆ ರಾಣಿಯಣ್ಣ ಎಂದು ಹೆಸರಿಟ್ಟದ್ದು ಗೌರವದಿಂದೇನಲ್ಲ.

ಈ ವರ್ಷ ಮಾತ್ರ ಅವನ ಗ್ರಹಚಾರ ಕೆಟ್ಟಿತ್ತು. ಆಫೀಸಿಗೆ ಅವನ ಮೇಲೆ ಎರಡು ದೂರು ಬಂದಿದ್ದವು: ಒಂದು, ಮಾತು ಜಾಸ್ತಿ ಎಂದು, ಇನ್ನೊಂದು, ಮಾತೇ ಆಡುವುದಿಲ್ಲ ಎಂದು. ಎರಡನೆಯದು ಮೊದಲನೆಯದರ ಫಲವೆಂದು ಅವನು ವಿವರಿಸಲು ಹೋದಾಗ ಮ್ಯಾನೇಜರು ಕೈ ಎತ್ತಿ ತಡೆದರು. ಮೂರನೆಯದು ಬಂದರೆ ಕಾರಿನ ಕೀಲಿ ಮೇಜಿನ ಮೇಲಿಟ್ಟು ಮನೆಗೆ ಹೋಗತಕ್ಕದ್ದು. ಐವತ್ಮೂರು ವರ್ಷದವನಿಗೆ ಇನ್ನೊಂದು ಕಾರು ಕೊಡಲು ಯಾರ ತಲೆ ಕೆಟ್ಟಿದೆ? ಅಂದಿನಿಂದ ರಾಣಿಯಣ್ಣ ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎಂಬಂತೆ ಅಳೆದು ತೂಗಿ ಮಾತಾಡುತ್ತಿದ್ದ.

ಅಂಥ ಹೊತ್ತಿನಲ್ಲಿ ಸಿಕ್ಕಿದ್ದು ಪಟ್ಟಿ ಯಜಮಾನರ ಸಂಸಾರ. ಯಜಮಾನರು, ಅವರ ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಯಜಮಾನರ ತಾಯಿ. ಯಜಮಾನರ ಕೈಯಲ್ಲೊಂದು ನೋಟುಬುಕ್ಕು. ಅದರಲ್ಲಿ ಒಂಬತ್ತು ಜಾಗ, ಪ್ರತಿ ಜಾಗದ ಮುಂದೆ ನಿಮಿಷ, ನಿಮಿಷದ ಮುಂದೆ ಗುರುತು ಹಾಕಲು ಚೌಕ. ಜಲಪಾತಕ್ಕೆ ಹದಿನೆಂಟು ನಿಮಿಷ. ವಸ್ತುಸಂಗ್ರಹಾಲಯಕ್ಕೆ ಇಪ್ಪತ್ತೈದು. ಕೆರೆಯ ಮುಂದೆ ಅಜ್ಜಿ "ಚೂರು ಕೂತ್ಕೋತೀನೋ" ಅಂದಾಗ ಯಜಮಾನರು ಪುಟ ತಿರುಗಿಸಿ ನೋಡಿ, "ಕೂರೋದು ಪಟ್ಟಿಯಲ್ಲಿಲ್ಲ ಅಮ್ಮ" ಅಂದರು. ಮನುಷ್ಯ ಹಣ ಕೊಟ್ಟು ಸಮುದ್ರ ದಾಟಿ ಬಂದು ಇಷ್ಟು ಬೇಗ ವಾಪಸು ಹೋಗಲು ಯಾಕೆ ಒದ್ದಾಡುತ್ತಾನೆ ಎಂಬುದು ರಾಣಿಯಣ್ಣನಿಗೆ ಇಪ್ಪತ್ತೆರಡು ವರ್ಷವಾದರೂ ಅರ್ಥವಾಗಿರಲಿಲ್ಲ.

ಆದರೂ ಅವನು ಬೆಳಗಿನಿಂದ ತಪ್ಪಾಯ್ತು ತಪ್ಪಾಯ್ತು ಅನ್ನುತ್ತಲೇ ಇದ್ದ. ಜಲಪಾತದಲ್ಲಿ ನೀರು ಕಡಿಮೆ ಇದ್ದದ್ದಕ್ಕೆ ತಪ್ಪಾಯ್ತು ಅಂದ. ಸೇತುವೆಯ ಮೇಲೆ ಎದುರು ಬಿಸಿಲು ಬಿದ್ದು ಫೋಟೋದಲ್ಲಿ ಯಜಮಾನರ ಮುಖ ಕಪ್ಪಗೆ ಬಂದದ್ದಕ್ಕೂ ಅವನೇ ಕ್ಷಮೆ ಕೇಳಿದ. ಸೂರ್ಯನ ಪರವಾಗಿ ಇನ್ಯಾರು ಕೇಳಬೇಕು!

ಗುಡ್ಡದ ದಾರಿಯಲ್ಲಿ ಅವನು ಬಾಯಿ ಬಿಗಿ ಹಿಡಿದಿದ್ದ. ಆದರೆ ಎಡ ತಿರುವು ಸರಿಯೋ ಬಲ ತಿರುವು ಸರಿಯೋ ಎಂದು ಶುರುವಾದ ಗಂಡ ಹೆಂಡಿರ ಮಾತು ಯಾರ ತಂಗಿಯ ಮದುವೆಯಲ್ಲಿ ಯಾರು ಮುಖ ಗಂಟು ಹಾಕಿದ್ದರು ಎಂಬಲ್ಲಿಗೆ ಮುಟ್ಟಿದಾಗ, ಬೇರೆ ದಾರಿ ಕಾಣದೆ ರಾಣಿಯನ್ನು ಕಿಟಕಿಗೆ ಕರೆದ. ಕತೆ ಎಂದಿನಂತೆ ಕೆಲಸ ಮಾಡಿತು. ಅಜ್ಜಿ ಸೆರಗಿನಲ್ಲಿ ಕಣ್ಣೊತ್ತಿಕೊಂಡರು. ಯಜಮಾನರು ನೋಟುಬುಕ್ಕಿನಲ್ಲಿ ಪೆನ್ನಿನಿಂದಲೇ ಬರೆದುಕೊಂಡರು: ರಾಣಿ, ಕಿಟಕಿ, ಹನ್ನೆರಡು ವರ್ಷ.

ಮೇಲೆ ಮುಟ್ಟುವಷ್ಟರಲ್ಲಿ ತಿರುವುಗಳಿಗೆ ಹೊಟ್ಟೆ ತೊಳಸಿದ ಯಜಮಾನರ ಹೆಂಡತಿ, "ನಾನು ಇಲ್ಲೇ ಮಲಗ್ತೀನಿ. ಅರಮನೆ ಎಲ್ಲೂ ಓಡಿ ಹೋಗಲ್ಲ" ಎಂದು ಸೀಟಿನಲ್ಲಿ ಉರುಳಿಕೊಂಡರು. ಯಜಮಾನರ ಕೈಯಲ್ಲಿ ನಾಲ್ಕು ಟಿಕೆಟ್ ಇದ್ದವು. ವಾಪಸು ತಗೊಳ್ಳುವುದಿಲ್ಲ ಎಂದು ಅವುಗಳ ಹಿಂದೆ ಅಚ್ಚಾಗಿತ್ತು. ಟಿಕೆಟ್ ದಂಡವಾಗುವುದನ್ನು ನೋಡಿಕೊಂಡು ಬದುಕಿರುವ ಜಾತಿಯವರಲ್ಲ ಅವರು.

"ಡ್ರೈವರೇ, ಬನ್ನಿ ಒಳಗೆ" ಅಂದರು.

"ನಾನ್ಯಾಕೆ ಸಾರ್, ನಾನು ಎಷ್ಟೋ ಸಲ..." ಎಂದವನು ಅಲ್ಲಿಗೆ ನಾಲಿಗೆ ಕಚ್ಚಿಕೊಂಡ.

"ಇನ್ನೂ ಒಳ್ಳೇದಾಯ್ತು. ಎಲ್ಲಿ ಏನಿದೆ ಅಂತ ತೋರಿಸಿ. ಟೈಮ್ ಉಳಿಯುತ್ತೆ."

ಒಳಗೆ ಮೇಲಿನ ಕೋಣೆ ಇದೆಯೋ ಇಲ್ಲವೋ, ಇದ್ದರೂ ಅದಕ್ಕೊಂದು ಕಿಟಕಿ ಇದೆಯೋ ಇಲ್ಲವೋ, ರಾಣಿಯಣ್ಣನಿಗೇನು ಗೊತ್ತು? ಮೂರನೆಯ ದೂರು ಮೆಟ್ಟಿಲ ಮೇಲೆ ಕೂತು ತನ್ನನ್ನೇ ಕಾಯುತ್ತಿದೆ ಅನ್ನಿಸಿತು. ಮೊಣಕಾಲು ನೋವಿನ ಅಜ್ಜಿ ಅವನ ತೋಳು ಹಿಡಿದು ಹತ್ತಿದರು. ಯಾರನ್ನು ಯಾರು ಹಿಡಿದಿದ್ದರು ಎಂಬುದು ನೋಡಿದವರಿಗೆ ತಿಳಿಯುತ್ತಿರಲಿಲ್ಲ.

ಮೇಲೆ ಕೋಣೆಯಿತ್ತು. ಕೋಣೆಗೆ ಕಿಟಕಿಯೂ ಇತ್ತು. ಕಿಟಕಿಯ ಪಕ್ಕ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಹಲ್ಲು ಮುರಿದ ಬಾಚಣಿಗೆ! ಗೋಡೆಯ ಮೇಲೆ ದೊಡ್ಡ ಫಲಕ. ರಾಣಿಯಣ್ಣ ದಂಗಾಗಿ ನಿಂತ. ಅವನು ಕಳಿಸಿದ ಪ್ರವಾಸಿಗರೆಲ್ಲ ವರ್ಷಗಟ್ಟಲೆ ರಾಣಿಯ ಕಿಟಕಿ ಎಲ್ಲಿ, ಬಾಚಣಿಗೆ ಎಲ್ಲಿ ಎಂದು ಪೀಡಿಸಿದ್ದಕ್ಕೆ, ಇಲ್ಲ ಇಲ್ಲ ಎಂದು ಹೇಳಿ ಸಾಕಾದ ಅರಮನೆಯವರು ಕೊನೆಗೆ ಇದೆ ಎಂದೇ ತೀರ್ಮಾನಿಸಿದ್ದರು. ಇಲ್ಲದ ರಾಣಿಗೆ ಹುಟ್ಟಿದ ವರ್ಷವನ್ನೂ ಹಾಕಿದ್ದರು. ಬದುಕಿದೆಯಾ ಬಡಜೀವವೇ ಎಂದು ಅವನು ಉಸಿರು ಬಿಟ್ಟ.

ಮಗಳು ಫಲಕ ಓದಿದಳು. "ಅಪ್ಪಾ, ಇಲ್ಲಿ ಏಳು ವರ್ಷ ಅಂತಿದೆ."

ಯಜಮಾನರು ನೋಟುಬುಕ್ಕು ತೆಗೆದರು. ಫಲಕ ನೋಡಿದರು. ನೋಟುಬುಕ್ಕು ನೋಡಿದರು. "ಏನ್ರೀ ಇದು? ಹನ್ನೆರಡು ಅಂದ್ರಿ!"

ಮೂಲೆಯಲ್ಲಿ ನಿಂತಿದ್ದ ಸಮವಸ್ತ್ರದ ಗೈಡು ಮುಂದೆ ಬಂದ. "ಏಳೇ ಸಾರ್. ಈ ಡ್ರೈವರುಗಳು ಬಾಯಿಗೆ ಬಂದಿದ್ದು ಹೇಳ್ತಾರೆ. ನಮ್ಮದು ಸಂಶೋಧನೆ ಮಾಡಿ ಹಾಕಿದ್ದು."

"ನಾನು ಪೆನ್ನಲ್ಲಿ ಬರೆದುಬಿಟ್ಟಿದ್ದೀನಲ್ರೀ!" ಎಂದರು ಯಜಮಾನರು. ಅವರಿಗೆ ನಿಜಕ್ಕೂ ನೋವಾಗಿತ್ತು. "ಹೋಗ್ಲಿ, ತಪ್ಪಾಯ್ತು, ಏಳು ಅಂತ ಒಪ್ಕೊಳ್ಳಿ. ಇಲ್ಲಿಗೇ ಬಿಟ್ಬಿಡ್ತೀನಿ. ಇಲ್ದಿದ್ರೆ ಆಫೀಸಿಗೆ ಬರೆಯಬೇಕಾಗುತ್ತೆ, ನೋಡಿ."

ಬೆಳಗಿನಿಂದ ಹದಿನಾಲ್ಕು ತಪ್ಪಾಯ್ತು ಅಂದ ಬಾಯಿಗೆ ಹದಿನೈದನೆಯದು ಭಾರವೇ? ಕೀಲಿ ಉಳಿಯುತ್ತದೆ, ಕಾರು ಉಳಿಯುತ್ತದೆ. ರಾಣಿಯಣ್ಣ ಬಾಯಿ ತೆರೆದ. ಕಿಟಕಿ ನೋಡಿದ, ಬಾಚಣಿಗೆ ನೋಡಿದ. ಅವನಿಗೆ ಸಿಟ್ಟು ಬಂತು. ಎಷ್ಟೋ ವರ್ಷಗಳ ಮೇಲೆ ಬಂದ ಸಿಟ್ಟು, ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

"ಹನ್ನೆರಡು ಸಾರ್" ಅಂದ.

ಗೈಡು ನಕ್ಕ. ಯಜಮಾನರು ಕೆಳಗಿಳಿಯುವ ಮೆಟ್ಟಿಲ ಮೇಲೆ ನಿಂತುಕೊಂಡೇ ಫೋನಿನಲ್ಲಿ ದೂರು ಬರೆದು ಕಳಿಸಿದರು: ಇತಿಹಾಸವನ್ನು ತಿರುಚುತ್ತಾನೆ, ತಿದ್ದಿದರೂ ಒಪ್ಪುವುದಿಲ್ಲ. ಬರೆಯಲು ನಾಲ್ಕು ನಿಮಿಷ ಹಿಡಿದು ಪಟ್ಟಿ ಏರುಪೇರಾದದ್ದಕ್ಕೂ ಅವನನ್ನೇ ಬೈದರು.

ಕಾರು ಇಳಿಜಾರಿನಲ್ಲಿ ಹೊರಟಿತು. ಮುಂದಿನ ಸೀಟಿನಲ್ಲಿದ್ದ ಅಜ್ಜಿ ಒಂದೆರಡು ತಿರುವು ದಾಟಿದ ಮೇಲೆ ಕೇಳಿದರು, "ಅಲ್ಲಪ್ಪ, ಅಷ್ಟು ಗಟ್ಟಿಯಾಗಿ ಹೇಳ್ತೀಯಲ್ಲ, ಎಣಿಸಿದವರು ಯಾರು?"

"ನಾನೇ ಅಮ್ಮ."

"ನೀನಾ?"

"ರಾಣಿ ಗೀಣಿ ಎಲ್ಲಾ ನಾನು ಕಟ್ಟಿದ್ದು. ಕಿಟಕೀಲಿ ಕೂರ್ತಿದ್ದಿದ್ದು ನಮ್ಮಮ್ಮ. ಅಪ್ಪ ಲಾರಿ ತಗೊಂಡು ಹೋದೋರು ಬರಲಿಲ್ಲ. ಆಗ ನನಗೆ ಆರು. ದಿನಾ ಸಂಜೆ ತಲೆ ಬಾಚ್ಕೊಂಡು ಕೂರೋಳು, ರಸ್ತೆ ನೋಡ್ತಾ. ಅಪ್ಪ ಬಂದಾಗ ನನಗೆ ಹದಿನೆಂಟು."

ಹಿಂದಿನಿಂದ ಮಗಳು ಮುಂದಕ್ಕೆ ಬಾಗಿದಳು. "ಬಂದ್ರಲ್ಲಾ ಮತ್ತೆ! ಓಡಿ ಬಂದ್ರಾ ನಿಮ್ಮಮ್ಮ?"

"ಅದು ಗಿರಾಕಿಗಳಿಗೆ ಹೇಳೋದು ತಾಯಿ." ಅವನು ಗೇರು ಇಳಿಸಿದ. "ಅಮ್ಮ ಕಿಟಕಿಯಿಂದ ನೋಡಿದ್ಲು. ಎದ್ದು ಒಳಗೆ ಹೋದ್ಲು. ಬಾಗಿಲು ತೆಗೀಲಿಲ್ಲ."

"ಯಾಕೆ?"

"ಹನ್ನೆರಡು ವರ್ಷ ಆಗಿತ್ತಲ್ಲ. ಏಳಾಗಿದ್ರೆ ತೆಗೀತಿದ್ಲೇನೋ."

ಒರಗಿದ್ದ ಯಜಮಾನರ ಹೆಂಡತಿ ನೆಟ್ಟಗೆ ಕೂತರು. ಹೊಟ್ಟೆ ತೊಳಸುವುದು ನಿಂತಿರಬೇಕು. "ಏನ್ರೀ ಬರೆದು ಕಳಿಸಿದ್ದೀರಿ?" ಎಂದು ಗಂಡನನ್ನು ಕೇಳಿದರು. ಯಜಮಾನರು ಫೋನು ತೆಗೆದು ಮಗಳ ಕೈಗಿತ್ತು, ಕಳಿಸಿದ್ದನ್ನು ವಾಪಸು ತಗೊಳ್ಳುವುದು ಎಲ್ಲಿದೆ ನೋಡು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಮಗಳು ಮೇಲೆ ಕೆಳಗೆ ತಡಕಾಡಿ, ಇಲ್ಲ ಎಂದು ತಲೆ ಆಡಿಸಿದಳು.

ಅಷ್ಟರಲ್ಲಿ ರಾಣಿಯಣ್ಣನ ಫೋನು ಹೊಡೆದುಕೊಳ್ಳತೊಡಗಿತು. ಆಫೀಸಿನದು. ಇಳಿಜಾರಿನಲ್ಲಿ ಗಾಡಿ ಓಡಿಸುವಾಗ ಫೋನು ಎತ್ತಬಾರದೆಂಬುದು ಆಫೀಸಿನದೇ ಕಟ್ಟಪ್ಪಣೆ. ಗುಡ್ಡದ ಬುಡ ಮುಟ್ಟಲು ಇನ್ನೂ ಅರ್ಧ ಗಂಟೆಯಿತ್ತು. ರಾಣಿಯಣ್ಣ ಅಂದಿನ ಮಟ್ಟಿಗೆ ಎಂದೂ ಇಲ್ಲದಷ್ಟು ನಿಧಾನವಾಗಿ ಓಡಿಸಿದ. ಯಜಮಾನರೂ ಗಡಿಯಾರ ನೋಡಲಿಲ್ಲ.