ಶಾಲೆಯ ಮೆಂತ್ಯ ಮೇಯ್ದ ಆಡು

ತಿಕೋಟಾದ ನಮ್ಮ ಓಣಿಯ ಶಾಲೆಯಲ್ಲಿ ಮಕ್ಕಳು ಬಿಸಿಯೂಟಕ್ಕೆಂದು ಬೆಳೆದ ಮೆಂತ್ಯವನ್ನು ತಿಂದದ್ದು ನನ್ನ ಆಡೇ, ಬೀದಿ ದನವಲ್ಲ. ಕಟ್ಟದೆ ಬಿಟ್ಟವಳು ನಾನೇ. ಸಂಜೆ ಶಾಲೆಯ ತೋಟದ ಸಂಘದ ಮಕ್ಕಳು ಸಾಲಾಗಿ ಮನೆಗೆ ಬಂದರು. ಮುಂದೆ ನಿಂತ ನಾಯಕಿ ನಾಲ್ಕನೆಯ ತರಗತಿಯ ನನ್ನ ಮೊಮ್ಮಗಳು ಸುಧಾ. ಅಜ್ಜಿಯೆಂದು ಬಿಡುತ್ತಾಳೆ ಎಂದುಕೊಂಡಿದ್ದೆ.

“ಆಯಿ, ಮತ್ತ ಬಿತ್ತಬೇಕಾಗೇತಿ. ಗೊಬ್ಬರಕ್ಕ ಒಂದ ಬುಟ್ಟಿ ಆಡಿನ ಹಿಕ್ಕಿ ನಿನಗ ದಂಡ. ನೀನ ಹೊತ್ಕೊಂಡ ಬರಬೇಕ,” ಎಂದಳು.

“ಲೇ, ನಿನಗ ರೊಟ್ಟಿ ಬಡದ ಹಾಕಾಕಿ ಯಾರ?” ಎಂದೆ.

“ನೀನ. ಆದ್ರ ಮೆಂತೆ ಸಾಲೀದು!”

ಮಕ್ಕಳು ಕಿಸಕ್ಕನೆ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಆಡನ್ನು ಗೂಟಕ್ಕೆ ಬಿಗಿದು, ಬುಟ್ಟಿ ಹೊತ್ತು ಶಾಲೆಗೆ ಹೋದೆ. ಪ್ರಾರ್ಥನೆ ನಡೆದಿತ್ತು, ಮುಗಿಯುವವರೆಗೂ ತಲೆಯ ಮೇಲಿನ ಬುಟ್ಟಿ ಇಳಿಸಲಿಲ್ಲ.