ಗ್ಯಾರೇಜಿನ ಅಕ್ಕೋರ ಸೇಡು

ಸೇಡೆಂಬುದು ಹೊತ್ತವರನ್ನೇ ಮೊದಲು ಸುಡುತ್ತದೆ. ದ್ವೇಷ ಸಾಧಿಸಹೊರಟ ಮನುಷ್ಯ ನಿದ್ದೆ, ಹಸಿವು, ನೆಮ್ಮದಿಗಳನ್ನು ಕ್ರಮವಾಗಿ ಕಳೆದುಕೊಳ್ಳುತ್ತಾನೆ. ಕಮಲಾಬಾಯಿ ಅಕ್ಕೋರ ವಿಷಯದಲ್ಲಿ ಮಾತ್ರ ಸೇಡಿನಿಂದ ರಕ್ತದೊತ್ತಡ ಹತೋಟಿಗೆ ಬಂತು, ಮಂಡಿನೋವು ಇಳಿಯಿತು, ಅಮೆರಿಕಕ್ಕೆ ಬಂದಮೇಲೆ ಸತ್ತೇ ಹೋಗಿದ್ದ ಹಸಿವು ಎದ್ದು ಕೂತು ಎರಡು ಹೊತ್ತೂ ರೊಟ್ಟಿ ಕೇಳತೊಡಗಿತು. ಅವರ ಡಾಕ್ಟರು ಇದೆಲ್ಲ ವಾಕಿಂಗಿನ ಫಲವೆಂದು ನಂಬಿದ್ದರು. ಅವರ ನಂಬಿಕೆ ಕೆಡಿಸಲು ನಮಗೆ ಮನಸ್ಸಾಗಲಿಲ್ಲ.

ಅಕ್ಕೋರು ಹುಬ್ಬಳ್ಳಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೆ ಇಂಗ್ಲಿಷ್ ಕಲಿಸಿದವರು. ಆ ಕಡೆ ಟೀಚರಮ್ಮನನ್ನು ಅಕ್ಕೋರು ಅನ್ನುವುದು ವಾಡಿಕೆ. ಇಲ್ಲಿ ನಮ್ಮ ಬಡಾವಣೆಯ ಮೈಸೂರು, ಉಡುಪಿಯವರೂ ಹಾಗೆಯೇ ಕರೆದೆವು. ಸ್ಯಾನ್ ಹೋಸೆಯ ದಕ್ಷಿಣ ತುದಿಯಲ್ಲಿ, ಫ್ರೀವೇ ಮಾರ್ಗನ್ ಹಿಲ್ ಕಡೆ ಹೊರಳುವಲ್ಲಿ, ನಮ್ಮ ಹಿಂದಿನ ಬೀದಿಯಲ್ಲೇ ಅವರ ಮಗಳ ಮನೆ. ಒಗ್ಗರಣೆಯ ವಾಸನೆ ಸೋಫಾಕ್ಕೆ ಹತ್ತಬಾರದೆಂದು ಅಳಿಯ ಅಡುಗೆಯ ಒಲೆಯನ್ನು ಗ್ಯಾರೇಜಿಗೆ ವರ್ಗಾಯಿಸಿದ್ದ. ಅಲ್ಲಿ ವಾಷಿಂಗ್ ಮಷೀನಿಗೂ ಅಕ್ಕಿಮೂಟೆಗಳಿಗೂ ನಡುವೆ, ಇಳಕಲ್ ಸೀರೆಯ ಮೇಲೆ ಅಳಿಯನ ಕಂಪನಿಯ ಜಾಕೀಟು ತೊಟ್ಟು, ಮಡಚುವ ಕುರ್ಚಿಯಲ್ಲಿ ಕುಳಿತು ಅಕ್ಕೋರು ರಾಜ್ಯಭಾರ ಮಾಡುತ್ತಿದ್ದರು. ಪಕ್ಕದಲ್ಲಿ ಬೇಳೆಯ ಕುಕ್ಕರು. ಎದುರಿಗೆ ನೆಲದ ಮೇಲೆ ಮಿಡ್ಲ್ ಸ್ಕೂಲಿನ ಮಕ್ಕಳು.

ಮಕ್ಕಳು ಅಲ್ಲಿಗೆ ಬಂದದ್ದಕ್ಕೆ ಕಾರಣ ನಮ್ಮ ಭಾಷಾಭಿಮಾನ. ಇಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಮನೆಮಾತು ಯಾವುದೆಂದು ಕೇಳುತ್ತಾರೆ. ಒಂದು ರಾಜ್ಯೋತ್ಸವದಲ್ಲಿ ನಮ್ಮ ಸಂಘದ ಅಧ್ಯಕ್ಷರು ವೇದಿಕೆಯ ಮೇಲೆ ಗದ್ಗದಿತರಾಗಿ, "ಅಲ್ಲಿ ಕನ್ನಡ ಅಂತ ಬರೆಯದವನು ಕನ್ನಡಿಗನೇ ಅಲ್ಲ" ಎಂದು ಘೋಷಿಸಿದರು. ನಾವೆಲ್ಲ ಎದೆಯುಬ್ಬಿಸಿ ಕನ್ನಡ ಎಂದು ಬರೆದೆವು. ಕೂಡಲೇ ಶಾಲೆಯವರು ನಮ್ಮ ಮಕ್ಕಳಿಗೆ ಇಂಗ್ಲಿಷ್ ಬಾರದೆಂದು ತೀರ್ಮಾನಿಸಿ, ಪಾಸಾಗುವವರೆಗೆ ಪ್ರತಿವರ್ಷ ಇಂಗ್ಲಿಷ್ ಪರೀಕ್ಷೆ ಬರೆಯುವ ಪಟ್ಟಿಗೆ ಸೇರಿಸಿದರು. ಇದೇ ಊರಿನ ಆಸ್ಪತ್ರೆಯಲ್ಲಿ ಹುಟ್ಟಿ, ಕನಸನ್ನೂ ಇಂಗ್ಲಿಷಿನಲ್ಲೇ ಕಾಣುವ ನನ್ನ ಮಗಳು ಸಹನಾ ಹೀಗೆ ಪರದೇಶಿಯಾದಳು. ಅಧ್ಯಕ್ಷರ ಮಗ ಆ ಪಟ್ಟಿಯಲ್ಲಿರಲಿಲ್ಲ. ಅವರ ಮನೆಯಲ್ಲಿ ಇಂಗ್ಲಿಷ್ ಎಂದು ಬರೆದಿದ್ದರಂತೆ.

ಚಿಕ್ಕ ಕ್ಲಾಸುಗಳಲ್ಲಿ ಇದು ತಮಾಷೆಯಾಗಿತ್ತು. ಏಳನೆಯ ಕ್ಲಾಸಿಗೆ ಬಂದಾಗ ತಮಾಷೆ ಮುಗಿಯಿತು. ಪಾಸಾಗದ ಮಕ್ಕಳು ತಮ್ಮಿಷ್ಟದ ಪಾಠ ಬಿಟ್ಟು, ಆ ಹೊತ್ತಿನಲ್ಲಿ ಮಿಸೆಸ್ ವಿಟ್ಲಾಕ್ ಎಂಬುವರ ವಿಶೇಷ ಇಂಗ್ಲಿಷ್ ಕ್ಲಾಸಿನಲ್ಲಿ ಕೂರಬೇಕು. ಸಹನಾಳ ಇಷ್ಟದ ಪಾಠ ಬ್ಯಾಂಡು. ಅವಳು ಟ್ರಂಪೆಟ್ ಊದುತ್ತಿದ್ದಳು. ಊದಿದ್ದನ್ನು ಕೇಳಿದ ನಾಯಿಗಳ ಅಭಿಪ್ರಾಯ ಏನೇ ಇರಲಿ, ಅವಳಿಗೆ ಜೀವ ಅದರಲ್ಲೇ. ಆ ವರ್ಷ ಟ್ರಂಪೆಟ್ಟು ಕಪಾಟಿನ ಮೇಲೆ ಹೋಯಿತು. ಎಂಟನೆಯ ಕ್ಲಾಸಿಗಾದರೂ ಅದು ಕೆಳಗಿಳಿಯಬೇಕಾದರೆ ಪರೀಕ್ಷೆ ಪಾಸಾಗಬೇಕಿತ್ತು.

ಓದು, ಬರಹ, ಕೇಳುವುದು ಎಲ್ಲದರಲ್ಲೂ ಅವಳಿಗೆ ಒಳ್ಳೆಯ ಅಂಕ. ಬೀಳುತ್ತಿದ್ದದ್ದು ಮಾತಿನಲ್ಲಿ. ಒಂದು ಪಾರ್ಕಿನ ಚಿತ್ರ ತೋರಿಸಿ ವಿವರಿಸು ಎಂದರೆ ಇವಳು "ಪಾರ್ಕ್" ಎಂದಳಂತೆ. ಪರೀಕ್ಷಕಿ ಮುಂದಿನ ಮಾತಿಗೆ ಕಾದಳು. ಇವಳೂ ಮರ್ಯಾದೆಯಿಂದ ಕಾದಳು. ದೊಡ್ಡವರು ಕೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟೇ ಹೇಳಬೇಕೆಂದು ಕಲಿಸಿದ್ದು ನನ್ನ ಹೆಂಡತಿ ವೀಣಾ. ಇಬ್ಬರ ಸೌಜನ್ಯವೂ ಸೇರಿ ಸಮಯ ಮುಗಿಯಿತು. ನಾನು ಶಾಲೆಗೆ ಹೋಗಿ ವಿಚಾರಿಸಿದಾಗ ಮಿಸೆಸ್ ವಿಟ್ಲಾಕ್ ನನ್ನ ಕೈ ತಟ್ಟಿ, "ನಿಮ್ಮ ಮಗಳಿಗೆ ಮನಸ್ಸಿನಲ್ಲಿದ್ದುದನ್ನು ಹೇಳಲು ಭಾಷೆ ಸಾಲದು" ಎಂದು ಸಮಾಧಾನ ಮಾಡಿದರು.

ಅಕ್ಕೋರ ಬಳಿ ಇದನ್ನು ತೋಡಿಕೊಂಡೆ. ಅವರು ಸಹನಾಳನ್ನು ಕೂರಿಸಿ ಏನೇನೋ ಮಾತಾಡಿಸಿ ನನ್ನ ಕಡೆ ತಿರುಗಿದರು.

"ಹುಡುಗೀಗೆ ಇಂಗ್ಲಿಷ್ ಬರ್ತದ್ರಿ. ಸಿಟ್ಟು ಬರೂದಿಲ್ಲ."

"ಅಂದ್ರೆ?"

"ಸಿಟ್ಟು ಬಂದಾಗ ಮನಷ್ಯಾ ಪೂರ್ತಿ ಮಾತಾಡ್ತಾನ. ಯಾವಾಗ, ಎಲ್ಲೆ, ಯಾರ ಮುಂದ, ಎಲ್ಲಾ ಹೇಳ್ತಾನ. ನಿಮ್ಮ ಮನ್ಯಾಗ ಜಗಳ ಇಲ್ಲೇನ್ರಿ?"

ಇದೆ, ಆದರೆ ಕನ್ನಡದಲ್ಲಿ ಆಡುತ್ತೇವೆ ಎಂದೆ. "ಅಲ್ಲೇ ತಪ್ಪಿದ್ರಿ" ಎಂದರು.

ಆಮೇಲೆ ತಿಳಿಯಿತು, ಅವರಿಗೆ ಮಿಸೆಸ್ ವಿಟ್ಲಾಕರೊಡನೆ ಸ್ವಂತ ಲೆಕ್ಕವೊಂದು ಬಾಕಿಯಿದೆ ಎಂದು. ಹೊಸದಾಗಿ ಬಂದಾಗ ಹೊತ್ತು ಹೋಗದೆ ಮೊಮ್ಮಗನ ಶಾಲೆಗೆ ಹೋಗಿ, ನಾನು ಇಂಗ್ಲಿಷ್ ಟೀಚರು, ಪುಕ್ಕಟೆ ಸಹಾಯ ಮಾಡುತ್ತೇನೆ ಎಂದಿದ್ದರು. ಮಿಸೆಸ್ ವಿಟ್ಲಾಕ್ ಮೊದಲ ಮಾತು ಕೇಳಿದ್ದೇ, ಕಿವುಡರೊಂದಿಗೆ ಮಾತಾಡುವಂತೆ ಒಂದೊಂದೇ ಪದವನ್ನು ಬಿಡಿಸಿ, ಗಟ್ಟಿಯಾಗಿ ಉತ್ತರಿಸಿದರು. ಕೊನೆಗೆ ಕೈಗೊಂದು ಕರಪತ್ರ ಕೊಟ್ಟರು: ಇಂಗ್ಲಿಷ್ ಬಾರದ ಹಿರಿಯರಿಗೆ ಮಂಗಳವಾರ ಸಂಜೆಯ ಉಚಿತ ಕ್ಲಾಸು. "ನಾನೇ ಕಲಿಸುತ್ತೇನೆ. ನಿಮಗೆ ತುಂಬಾ ಇಷ್ಟವಾಗುತ್ತದೆ."

"ನನ್ನ ಕೈಯಾಗ ಕಲ್ತ ಹುಡುಗ್ಯಾರು ಹೈಕೋರ್ಟಿನ್ಯಾಗ ವಾದಾ ಮಾಡ್ತಾರ" ಎಂದರು ಅಕ್ಕೋರು ಕುಕ್ಕರಿನ ಮುಚ್ಚಳ ಬಿಗಿಮಾಡುತ್ತ. "ಆಕೀ ನನಗ ಎ ಫಾರ್ ಆಪಲ್ ಕಲಸ್ತಾಳಂತ. ಇರ್ಲಿ. ಆಕೀ ಕ್ಲಾಸಿನ್ಯಾಗಿಂದ ಒಬ್ಬೊಬ್ಬ ಹುಡುಗನ್ನ ಎಬ್ಬಿಸ್ಕೊಂಡು ಬರ್ತೀನಿ. ಖಾಲಿ ಕುರ್ಚಿಗೋಳಿಗೆ ಕಲಸ್ಲಿ."

ಅವರ ಪಾಠದ ಕ್ರಮ ಯಾವ ತರಬೇತಿ ಕಾಲೇಜಿನಲ್ಲೂ ಇರಲಾರದು. ಪ್ರತಿ ಮಗುವೂ ತನಗೆ ಯಾರ ಮೇಲೆ ಸಿಟ್ಟಿದೆಯೆಂದು ಮೊದಲು ಹೇಳಬೇಕು. ಆಮೇಲೆ ಕುಕ್ಕರಿನ ಒಂದು ಸೀಟಿಯಿಂದ ಇನ್ನೊಂದು ಸೀಟಿಯವರೆಗೆ ಆ ವ್ಯಕ್ತಿಯನ್ನು ಇಂಗ್ಲಿಷಿನಲ್ಲಿ ನಿಲ್ಲದೆ ದೂರಬೇಕು. ಬೈಗುಳ ಕೂಡದು. "ಬೈಗಳಾ ಸಣ್ಣದು, ಲಗೂ ಮುಗೀತದ. ಕಾರಣಾ ಕೊಡು, ಉದಾಹರಣಾ ಕೊಡು." ಕುಕ್ಕರಿನ ರಬ್ಬರು ಹಳೆಯದಾದ್ದರಿಂದ ಸೀಟಿ ಯಾವಾಗ ಬರುತ್ತದೆಂದು ಹೇಳಲಾಗುತ್ತಿರಲಿಲ್ಲ. ಮಾತು ಮುಗಿದ ಮಕ್ಕಳು ಅದನ್ನೇ ದೀನವಾಗಿ ನೋಡುತ್ತಿದ್ದರು. ಅಕ್ಕೋರು ಕರುಣೆ ತೋರುತ್ತಿರಲಿಲ್ಲ. "ಇನ್ನೂ ಬೆಂದಿಲ್ಲ. ಮುಂದ ಹೇಳು." ಕೊನೆಗೆ ಆ ಬೇಳೆಯದೇ ಸಾರು ಮಾಡಿ ಎಲ್ಲರಿಗೂ ಅನ್ನ ಬಡಿಸುತ್ತಿದ್ದರು.

ಮೊದಮೊದಲು ಮಕ್ಕಳು ತಮ್ಮನ ಮೇಲೆ, ಬಸ್ಸಿನ ಡ್ರೈವರ್ ಮೇಲೆ ಸಣ್ಣಪುಟ್ಟ ಸಿಟ್ಟು ಮಾಡಿಕೊಂಡರು. ಬರಬರುತ್ತ ರುಚಿ ಹತ್ತಿತು. ಸಂಘದ ಅಧ್ಯಕ್ಷರನ್ನು ಮೂವರು ಮಕ್ಕಳು ಸರದಿಯ ಮೇಲೆ ವಿಚಾರಣೆಗೆ ಒಳಪಡಿಸಿದರು. ಮನೆಮನೆಗಳಲ್ಲಿ ಪರಿಣಾಮ ಕಾಣತೊಡಗಿತು. ಊಟಕ್ಕೆ ಬಾ ಎಂದರೆ ಮಕ್ಕಳು ಯಾಕೆ ಬರಬಾರದೆಂಬುದಕ್ಕೆ ಕಾರಣ, ಉದಾಹರಣೆ, ಉಪಸಂಹಾರ ಕೊಡುತ್ತಿದ್ದವು. ಉಡುಪಿಯ ಶೆಟ್ಟರೊಬ್ಬರು ಗ್ಯಾರೇಜಿಗೇ ಬಂದು, "ಎಂತ ಅಕ್ಕೋರೇ, ಮಗ ಎದುರುತ್ತರ ಕೊಡ್ತಾನಲ್ಲ ಮಾರಾಯ್ರೇ" ಎಂದು ಗೋಳಾಡಿದರು.

"ಇಂಗ್ಲಿಷಿನ್ಯಾಗ ಕೊಡ್ತಾನೋ ಇಲ್ಲೋ?"

"ಕೊಡ್ತಾನೆ."

"ಮತ್ತ? ಹೋಗಿ ಪೇಢೆ ಹಂಚ್ರಿ."

ಒಂದು ದಿನ ಸಹನಾಳನ್ನು ಕರೆದೊಯ್ಯಲು ಸ್ವಲ್ಪ ಬೇಗ ಹೋದೆ. ಅರ್ಧ ಎತ್ತಿದ ಗ್ಯಾರೇಜಿನ ಬಾಗಿಲ ಹೊರಗೆ ನಿಂತಾಗ ಒಳಗೆ ಅವಳ ಸರದಿ.

"ಯಾರ ಮ್ಯಾಲ?" ಎಂದರು ಅಕ್ಕೋರು.

"ಮೈ ಡ್ಯಾಡ್."

ಕುಕ್ಕರು ಕೂಗಿತು. ನನ್ನ ಮಗಳು, ಮನಸ್ಸಿನಲ್ಲಿದ್ದುದನ್ನು ಹೇಳಲು ಭಾಷೆ ಸಾಲದ ಹುಡುಗಿ, ಶುರುಮಾಡಿದಳು. ತನ್ನನ್ನು ಒಂದು ಮಾತೂ ಕೇಳದೆ ತನ್ನ ಭಾಷೆ ಯಾವುದೆಂದು ಅಪ್ಪ ನಿರ್ಧರಿಸಿದರು. ಬರೆಯುವಾಗ ಕನ್ನಡ ಎಂದವರು ಮನೆಯಲ್ಲಿ ತನ್ನೊಡನೆ ಇಂಗ್ಲಿಷಿನಲ್ಲೇ ಮಾತಾಡಿದರು, ಬೈಯುವಾಗ ಮಾತ್ರ ಕನ್ನಡ. ಆದ್ದರಿಂದ ತನಗೆ ಗೊತ್ತಿರುವ ಕನ್ನಡವೆಲ್ಲ ಬೈಗುಳವೇ. ಉದಾಹರಣೆಗೆ, ಎಂದು ಪಟ್ಟಿ ಕೊಟ್ಟಳು. ಬ್ಯಾಂಡು ತಪ್ಪಿದ ದಿನ ಅಪ್ಪ "ಪರವಾಗಿಲ್ಲ, ಮ್ಯಾತ್ಸ್ ಓದು" ಎಂದರು. ಯಾರಾದರೂ ಅವರ ಮೀಟಿಂಗುಗಳನ್ನು ಕಸಿದುಕೊಂಡು ಪರವಾಗಿಲ್ಲ ಎಂದರೆ ಹೇಗಿರುತ್ತದೆ? ಸೀಟಿ ಬಂತು. ಅವಳು ನಿಲ್ಲಿಸಲಿಲ್ಲ. ಇನ್ನೊಂದು ಸೀಟಿಯೂ ಬಂತು. ಬೇಳೆ ಕರಗಿ ಹೋಗಿರಬೇಕು.

ಕೊನೆಗೆ ಅಕ್ಕೋರು ಒಲೆ ಆರಿಸಿ, ಬಾಗಿಲಿನ ಕೆಳಗೆ ಕಾಣುತ್ತಿದ್ದ ನನ್ನ ಚಪ್ಪಲಿಗಳತ್ತ ನೋಡಿ, "ಒಳಗ ಬರ್ರಿ. ನಿಮ್ಮ ಮಗಳು ಪಾಸಾದ್ಲು" ಎಂದರು. ಮನೆಗೆ ನಡೆಯುವಾಗ ಸಹನಾ ಬೇರೆಲ್ಲೋ ನೋಡುತ್ತ, "ಇಟ್ಸ್ ಜಸ್ಟ್ ಪ್ರಾಕ್ಟೀಸ್ ಅಪ್ಪಾ" ಎಂದಳು. ಅಷ್ಟು ಚಿಕ್ಕ ಉತ್ತರ ಅವಳ ಬಾಯಲ್ಲಿ ಆಮೇಲೆ ನಾನು ಕೇಳಿಲ್ಲ.

ಪರೀಕ್ಷೆಯಲ್ಲಿ ಮತ್ತೆ ಪಾರ್ಕಿನ ಚಿತ್ರವೇ ಬಂತಂತೆ. ಅದರಲ್ಲಿ ಬೆಂಚಿನ ಮೇಲೆ ಒಬ್ಬ ಕುಳಿತಿದ್ದ, ಒಬ್ಬಳು ಮುದುಕಿ ನಿಂತಿದ್ದಳು. ಸಹನಾ ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡಳು. ಪರೀಕ್ಷಕಿ ಸಾಕು ಎನ್ನಬೇಕಾಯಿತು.

ಫಲಿತಾಂಶ ಬಂದಾಗ ಗ್ಯಾರೇಜಿನ ಮಕ್ಕಳೆಲ್ಲ ಪಾಸಾಗಿದ್ದರು. ಶಾಲೆಯ ಲೈಬ್ರರಿಯಲ್ಲಿ ಸರ್ಟಿಫಿಕೇಟು ಕೊಡುವ ಸಮಾರಂಭ. ಅಕ್ಕೋರು ರೇಷ್ಮೆ ಸೀರೆ ಉಟ್ಟು ಬಂದರು. ಮಿಸೆಸ್ ವಿಟ್ಲಾಕರಿಗೆ ಹೇಳಬೇಕಾದ್ದನ್ನು ಒಂದು ಸೀಟಿಯ ಅಳತೆಗೆ ಕೂರಿಸಿ, ಕುಕ್ಕರಿನ ಮುಂದೆ ಅಭ್ಯಾಸ ಮಾಡಿಕೊಂಡಿದ್ದರು. ಆದರೆ ಮೊದಲು ಮಾತಾಡಿದ್ದು ಮಿಸೆಸ್ ವಿಟ್ಲಾಕ್. ತಮ್ಮ ವಿಶೇಷ ಕ್ಲಾಸಿನಿಂದ ಇಷ್ಟು ಮಕ್ಕಳು ಒಟ್ಟಿಗೆ ಪಾಸಾದದ್ದು ಇದೇ ಮೊದಲೆಂದೂ, ಇದು ತಮ್ಮ ತಾಳ್ಮೆಯ ಫಲವೆಂದೂ ಕಣ್ಣೊರೆಸಿಕೊಂಡರು. ಚಪ್ಪಾಳೆಯಾಯಿತು. ಅಕ್ಕೋರು ನೇರ ಅವರ ಮುಂದೆ ಹೋಗಿ ನಿಂತರು. ಮಿಸೆಸ್ ವಿಟ್ಲಾಕ್ ಅವರ ಎರಡೂ ಕೈ ಹಿಡಿದು, ಅದೇ ಗಟ್ಟಿ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ ಕೇಳಿದರು: "ವೆಲ್‌ಕಮ್. ನೀವು. ಯಾರ. ಅಜ್ಜಿ?"

ಅಕ್ಕೋರು ಕೈ ಬಿಡಿಸಿಕೊಂಡರು. ಒಂದು ಡೋನಟ್ಟನ್ನೂ ಮುಟ್ಟದೆ ಬಂದು ನನ್ನ ಕಾರಿನಲ್ಲಿ ಕೂತರು.

"ಆಕೀಗೆ ನನ್ನ ನೆನಪೇ ಇಲ್ರಿ."

"ಹೋಗ್ಲಿ ಬಿಡಿ ಅಕ್ಕೋರೇ. ಮಕ್ಕಳು ಪಾಸಾದ್ರಲ್ಲ."

"ಅದನ್ನೇ ಹೇಳಾಕತ್ತೀನಿ. ನೆನಪಿಲ್ಲದವರ ಮ್ಯಾಲೆ ಸೇಡು ತೀರಿಸ್ಕೊಂಡ್ರ ಅದು ಸೇಡು ಅನಿಸ್ಕೊಳ್ಳೂದಿಲ್ಲ. ಸಮಾಜಸೇವಾ ಅನಿಸ್ಕೋತದ." ಆ ಶಬ್ದವನ್ನು ಅವರು ಕಾಯಿಲೆಯ ಹೆಸರಿನಂತೆ ಉಚ್ಚರಿಸಿದರು. "ಮ್ಯಾಲೆ ಆಕೀಗೇ ಚಪ್ಪಾಳಿ."

ಮನೆಯ ಮುಂದೆ ಇಳಿದು, ಕಾರಿನ ಬಾಗಿಲು ಹಿಡಿದುಕೊಂಡೇ ಕೇಳಿದರು: "ಮಂಗಳವಾರ ಸಂಜೀಕ ನೀವು ಖಾಲಿ ಇರ್ತೀರೇನು?"

ಹೀಗೆ ಕಮಲಾಬಾಯಿ ಅಕ್ಕೋರು, ಇಂಗ್ಲಿಷ್ ಬಾರದ ಹಿರಿಯರ ಕ್ಲಾಸಿಗೆ ಸೇರಿದರು. ಅಳಿಯನಿಗೆ ಆ ಹೊತ್ತಿಗೆ ಮೀಟಿಂಗು. ಕರೆದೊಯ್ಯುವ ಪುಣ್ಯ ನನ್ನದಾಯಿತು. ಚೂಪಾಗಿ ಹೆರೆದ ಪೆನ್ಸಿಲ್ಲು, ನೀರಿನ ಬಾಟಲಿ, ಮೊದಲ ದಿನದ ಹುಡುಗಿಯಂತೆ ಎಣ್ಣೆ ಹಚ್ಚಿ ಬಾಚಿದ ತಲೆ. ಒಳಗೆ ಏನು ನಡೆಯಿತೆಂದು ಆಗ ಹೇಳಲಿಲ್ಲ. ಹೊರಬರುವಾಗ ಮಾತ್ರ ಮುಖ ಬೆಳಗುತ್ತಿತ್ತು.

ಹೇಳಿದ್ದು ಕೊನೆಯ ಭೇಟಿಯಲ್ಲಿ. ಅಳಿಯನಿಗೆ ಆಸ್ಟಿನ್ನಿಗೆ ವರ್ಗವಾಗಿ, ಗ್ಯಾರೇಜಿನ ತುಂಬ ಡಬ್ಬಗಳು. ಅಕ್ಕೋರು ಅದೇ ಮಡಚುವ ಕುರ್ಚಿಯಲ್ಲಿ ಕುಳಿತು, ಕುಕ್ಕರನ್ನು ಟವೆಲಿನಲ್ಲಿ ಸುತ್ತುತ್ತಿದ್ದರು.

"ಮೊದಲನೇ ದಿನಾ, ನಿಮ್ಮ ಪರಿಚಯಾ ಹೇಳ್ರಿ ಅಂದ್ಲು. ಹೇಳಿದೆ. ಆಕೀ ಹ್ಯಾಂಗ ಹೇಳ್ತಾಳೋ ಹಂಗ, ನಿಧಾನಕ್ಕ, ಜೋರಾಗಿ, ಒಂದೊಂದೇ ಶಬ್ದಾ. ಆಕೀಗೆ ತಿಳೀಬೇಕಲ್ರಿ. ತಾಸು ಮುಗೀತು."

"ಎರಡನೇ ದಿನ?"

"ಇನ್ನೂ ನಾನು ಹುಬ್ಬಳ್ಳ್ಯಾಗೇ ಇದ್ದೆ. ಮೂರನೇ ದಿನಾ ಬಾಜೂಕ ಕುಂತ ವಿಯೆಟ್ನಾಮಿನ ಅಜ್ಜೀನ್ನ ಕೇಳಿದೆ, ನಿನಗ ಯಾರ ಮ್ಯಾಲ ಸಿಟ್ಟದ ಅಂತ. ಸೊಸಿ ಮ್ಯಾಲ ಅಂತ. ಬಾಯಿ ಬಿಚ್ಚಿದ್ಲು ನೋಡ್ರಿ, ಏನು ಮಾತು. ಆಮ್ಯಾಲ ಎಲ್ಲಾರೂ. ಆಕೀ ಪುಸ್ತಕಾ ತಗೀಲಿಕ್ಕೇ ಆಗ್ಲಿಲ್ಲ." ಟವೆಲಿನ ಗಂಟು ಬಿಗಿದು ತಲೆ ಎತ್ತಿದರು. "ಈಗ ನನ್ನ ಹೆಸರು ಪೂರ್ತಿ ಗೊತ್ತದ ಆಕೀಗೆ. ಮನೆತನದ ಹೆಸರು ಕೂಡಿಸಿ."

ಸಹನಾಳ ತಲೆ ಸವರಿ, "ಸಿಟ್ಟು ಬಿಡಬ್ಯಾಡವಾ" ಎಂದು ಆಶೀರ್ವಾದ ಮಾಡಿ ಹೋದರು.

ಆ ಗ್ಯಾರೇಜಿನಲ್ಲಿ ಈಗ ಬೇರೆಯವರ ಕಾರು ನಿಲ್ಲುತ್ತದೆ. ಸಹನಾ ಎಂಟನೆಯ ಕ್ಲಾಸಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾಳೆ. ಅಕ್ಕೋರು ಹೋದಮೇಲೂ ಅಲ್ಲಿನ ಹಿರಿಯರ ದೂರು ನಿಲ್ಲದೆ, ಮಂಗಳವಾರ ಸಂಜೆಯ ಕ್ಲಾಸನ್ನು ಮಿಸೆಸ್ ವಿಟ್ಲಾಕ್ ನಡುವಿನಲ್ಲೇ ಬಿಟ್ಟರು.